ಶಿವಮೊಗ್ಗದ ಮನೆ, ತೋಟದ ಮನೆ: ಎರಡು ರೂಟರ್ ನಡುವೆ ವಿಪಿಎನ್ ಹಾಕುವುದು ಹೇಗೆ

ಒಂದು ಮನೆ ಶಿವಮೊಗ್ಗದಲ್ಲಿ, ಇನ್ನೊಂದು ತೋಟದಲ್ಲಿ. ನಮ್ಮ ಕಡೆ ಇದು ಮಾಮೂಲಿ. ಕೆಲಸ, ಮಕ್ಕಳ ಶಾಲೆ ಅಂತ ಪೇಟೆಯಲ್ಲಿ ಒಂದು ಮನೆ. ಅಪ್ಪ, ಅಮ್ಮ, ಅಡಿಕೆ, ದನ ಎಲ್ಲ ತೀರ್ಥಹಳ್ಳಿ, ಹೊಸನಗರದ ಕಡೆ. ಈಗ ಎರಡೂ ಕಡೆ ಇಂಟರ್ನೆಟ್ ಬಂದಿದೆ. ತೋಟದ ಮನೆಯಲ್ಲಿ ಕ್ಯಾಮೆರಾ, ಅದರ ವಿಡಿಯೋ ರೆಕಾರ್ಡ್ ಮಾಡಿಡುವ ಡಿವಿಆರ್ ಪೆಟ್ಟಿಗೆ ಇದೆ. ಕೊಯ್ಲಿನ ಹೊತ್ತಲ್ಲಿ ಬೇಯಿಸಿದ ಅಡಿಕೆ ಅಂಗಳದಲ್ಲಿ ಹರಡಿರುವಾಗ ರಾತ್ರಿ ಒಂದು ಸಲ ನೋಡಬೇಕು ಅನ್ನಿಸುತ್ತದೆ, ಅಲ್ವಾ? ಅಪ್ಪನ ಫೋನಿನ ಫೋಟೋಗಳೆಲ್ಲ ಶಿವಮೊಗ್ಗದ ಹಾರ್ಡ್‌ಡಿಸ್ಕಿಗೆ ತಾನಾಗಿ ಬಂದು ಸೇರಿದರೆ ಇನ್ನೂ ಒಳ್ಳೆಯದು.

ಇದಕ್ಕೆ ಕ್ಯಾಮೆರಾ ಹಾಕುವವರು ಹೇಳುವ ದಾರಿ ಎರಡು. ಒಂದು, ಕಂಪನಿಯ ಆ್ಯಪ್. ಇನ್ನೊಂದು, ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಡಿವಿಆರನ್ನು ನೇರ ಇಂಟರ್ನೆಟ್ಟಿಗೆ ತೆರೆದಿಡುವುದು. ಎರಡನೆಯದನ್ನು ದಯವಿಟ್ಟು ಮಾಡಬೇಡಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಹಬ್ಬಿದ್ದು ಇಂಥ ಡಿವಿಆರ್, ಕ್ಯಾಮೆರಾ, ರೂಟರುಗಳ ಮೂಲಕವೇ. ಫ್ಯಾಕ್ಟರಿಯ ಪಾಸ್‌ವರ್ಡ್ ಬದಲಿಸದೆ ತೆರೆದಿಟ್ಟಿದ್ದ ಪೆಟ್ಟಿಗೆಗಳನ್ನು ಹುಡುಕಿ ಹುಡುಕಿ ಒಳಗೆ ಹೊಕ್ಕಿತು. ಆ ವರ್ಷ ಅಕ್ಟೋಬರಿನಲ್ಲಿ ಡೈನ್ ಅನ್ನುವ ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ) ಕಂಪನಿಯ ಮೇಲೆ ದಾಳಿ ಮಾಡಿ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನೇ ಮಲಗಿಸಿತು. ನಮ್ಮ ಅಂಗಳ ತೋರಿಸುವ ಪೆಟ್ಟಿಗೆ ಯಾರದೋ ಕೈಗೆ ಹೋಗುವುದು ಬೇಡ.

ಮೂರನೇ ದಾರಿ ಎರಡು ಮನೆಯ ರೂಟರುಗಳ ನಡುವೆಯೇ ವಿಪಿಎನ್ ಹಾಕುವುದು, ಅಂದರೆ ಇಂಟರ್ನೆಟ್ಟಿನ ಒಳಗೇ ಎರಡು ಮನೆಗೆ ಮಾತ್ರ ಸೇರಿದ, ಬೀಗ ಹಾಕಿದ ದಾರಿ ಮಾಡುವುದು. ಒಂದು ಸಲ ಹಾಕಿದರೆ ಮುಗಿಯಿತು. ಇಲ್ಲಿ ಕೂತು ತೋಟದ ಡಿವಿಆರಿನ ವಿಳಾಸ ಟೈಪ್ ಮಾಡಿದರೆ ಅದೇ ಮನೆಯಲ್ಲಿ ಕೂತ ಹಾಗೆ ತೆರೆಯುತ್ತದೆ. ಮೊಬೈಲು, ಲ್ಯಾಪ್‌ಟಾಪು ಯಾವುದಕ್ಕೂ ಬೇರೆ ಏನೂ ಹಾಕುವುದು ಬೇಡ. ಒಂದು ಮಾತು ಮೊದಲೇ ಹೇಳುತ್ತೇನೆ: ಇದರಲ್ಲಿ ವಿಪಿಎನ್ ಸೆಟ್ಟಿಂಗ್ ತುಂಬುವ ಕೆಲಸ ಚಿಕ್ಕದು. ಅದಕ್ಕೂ ಮುಂಚೆ ಎರಡು ವಿಷಯ ಸರಿಯಾಗಬೇಕು. ಎರಡೂ ಮನೆಯ ಐಪಿ ವಿಳಾಸ ಬೇರೆ ಬೇರೆ ಇರಬೇಕು, ಮತ್ತೆ ಎರಡರಲ್ಲಿ ಒಂದು ಮನೆಯಾದರೂ ಹೊರಗಿನಿಂದ ತಲುಪುವಂತಿರಬೇಕು. ಇವೆರಡನ್ನು ನೋಡದೆ ಸೀದಾ ಸೆಟ್ಟಿಂಗಿಗೆ ಕೈ ಹಾಕಿದರೆ ಇಡೀ ಭಾನುವಾರ ಅದರಲ್ಲೇ ಕಳೆದುಹೋಗುತ್ತದೆ.

ಮೊದಲು ವಿಳಾಸ ಬೇರೆ ಮಾಡಿ

ಹೆಚ್ಚಿನ ರೂಟರುಗಳು ಕಾರ್ಖಾನೆಯಿಂದ ಬರುವಾಗಲೇ 192.168.1.1 ಅಥವಾ 192.168.0.1 ಅಂತ ಇರುತ್ತವೆ. ಎರಡೂ ಮನೆಯಲ್ಲಿ 192.168.1 ಇದ್ದರೆ ವಿಪಿಎನ್ ಕೆಲಸ ಮಾಡುವುದಿಲ್ಲ. ನಿಮ್ಮ ಲ್ಯಾಪ್‌ಟಾಪು 192.168.1.50ನ್ನು ಹುಡುಕಿದರೆ ಅದು ಈ ಮನೆಯಲ್ಲೇ ಇದೆ ಅಂದುಕೊಂಡು ಇಲ್ಲೇ ಕೂಗುತ್ತದೆ, ರೂಟರಿನ ತನಕ ಹೋಗುವುದೇ ಇಲ್ಲ. ಹಾಗಾಗಿ ಶಿವಮೊಗ್ಗಕ್ಕೆ 192.168.10.0/24, ತೋಟಕ್ಕೆ 192.168.20.0/24 ಅಂತ ಇಡೋಣ. /24 ಅಂದರೆ ಮೊದಲ ಮೂರು ನಂಬರು ಆ ಮನೆಗೆಲ್ಲ ಒಂದೇ, ಕೊನೆಯದು ಮಾತ್ರ ಬದಲಾಗುತ್ತದೆ. ಈ ಬರಹದಲ್ಲಿ ಮುಂದೆಯೂ ಇದೇ ನಂಬರು. ನೀವು ಬೇರೆ ಇಟ್ಟರೂ ಸರಿ, ಎರಡೂ ಬೇರೆ ಇದ್ದರಾಯಿತು. ಮೂರನೇ ಜಾಗದಲ್ಲಿ 1 ಮತ್ತು 0ಯನ್ನು ಬಿಟ್ಟುಬಿಡಿ. ನಾಳೆ ಯಾರದೋ ಮನೆಯ ವೈಫೈನಿಂದ ಫೋನಲ್ಲಿ ಕನೆಕ್ಟ್ ಆಗುವಾಗ ಅದೇ ತಕರಾರು ಮತ್ತೆ ಬರುತ್ತದೆ.

ಇಲ್ಲಿ ಒಂದು ಕಡೆ ಎಚ್ಚರ ಬೇಕು. ಡಿವಿಆರ್‌ಗಳಿಗೆ ಹಾಕುವವರು ಕೈಯಾರೆ ಐಪಿ ಕೊಟ್ಟಿರುತ್ತಾರೆ. ನೀವು ರೂಟರಿನ ವಿಳಾಸ ಬದಲಿಸಿದ ಕೂಡಲೇ ಡಿವಿಆರ್ ಹಳೆ ನಂಬರಿನಲ್ಲೇ ಉಳಿದು ಕಾಣದೇ ಹೋಗುತ್ತದೆ. ಆದ್ದರಿಂದ ಟಿವಿ ಪರದೆಯಲ್ಲಿ ಡಿವಿಆರಿನ ನೆಟ್‌ವರ್ಕ್ ಮೆನು ತೆರೆದು ಹೊಸ ಐಪಿ ಕೊಡಿ, 192.168.20.50 ಅಂತ ಇರಲಿ. ಅದರ ಕೆಳಗೆ ಗೇಟ್‌ವೇ ಅಂತ ಇನ್ನೊಂದು ಜಾಗ ಇದೆ. ಅಲ್ಲಿ ತೋಟದ ರೂಟರಿನ ವಿಳಾಸ 192.168.20.1 ಇರಲೇಬೇಕು. ಅದು ಖಾಲಿಯಿದ್ದರೆ ಅಥವಾ ತಪ್ಪಿದ್ದರೆ ತೋಟದ ಮನೆಯೊಳಗೆ ಎಲ್ಲ ಚೆನ್ನಾಗಿ ಕಾಣುತ್ತದೆ, ಶಿವಮೊಗ್ಗದಿಂದ ಮಾತ್ರ ತೆರೆಯುವುದಿಲ್ಲ. ನಿಮ್ಮ ಕೋರಿಕೆ ಡಿವಿಆರ್ ತನಕ ಹೋಗಿರುತ್ತದೆ, ಉತ್ತರ ಯಾವ ದಾರಿಯಲ್ಲಿ ಕಳಿಸಬೇಕು ಅಂತ ಅದಕ್ಕೆ ಗೊತ್ತಿರುವುದಿಲ್ಲ. ಎಲ್ಲ ಸೆಟ್ಟಿಂಗೂ ಸರಿ ಇದ್ದು ಕ್ಯಾಮೆರಾ ಒಂದೇ ಬರುತ್ತಿಲ್ಲ ಅಂದರೆ ಮೊದಲು ನೋಡಬೇಕಾದ್ದು ಇದನ್ನೇ. ಡಿವಿಆರಿನ ಪಾಸ್‌ವರ್ಡನ್ನೂ ಅದೇ ಕೈಯಲ್ಲಿ ಬದಲಿಸಿಬಿಡಿ.

ಯಾವ ಮನೆಗೆ ಹೊರಗಿನಿಂದ ಬರಬಹುದು?

ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ (ಹೊರಗಿನ ಇಂಟರ್ನೆಟ್ ಕಡೆಯ) ಐಪಿ ಅಂತ ಇರುತ್ತದೆ. ಅದನ್ನು ಬರೆದುಕೊಳ್ಳಿ. ಆಮೇಲೆ ಗೂಗಲ್‌ನಲ್ಲಿ ನನ್ನ ಐಪಿ ಏನು ಅಂತ ಕೇಳಿ. ಎರಡೂ ಒಂದೇ ಆಗಿದ್ದರೆ ನಿಮಗೆ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪುವ ವಿಳಾಸ) ಇದೆ, ಕೆಲಸ ಸುಲಭ. ರೂಟರಿನಲ್ಲಿ ಕಾಣುವ ನಂಬರು 100.64ರಿಂದ 100.127ರ ಒಳಗೆ ಶುರುವಾದರೆ ನಿಮ್ಮ ಕಂಪನಿ ಸಿಜಿನ್ಯಾಟ್ ಬಳಸುತ್ತಿದೆ ಅಂತ ಅರ್ಥ. ಅಂದರೆ ನೂರಾರು ಗಿರಾಕಿಗಳಿಗೆ ಸೇರಿ ಒಂದೇ ಪಬ್ಲಿಕ್ ಐಪಿ. ವಠಾರಕ್ಕೆಲ್ಲ ಒಂದೇ ಗೇಟು ಇದ್ದ ಹಾಗೆ: ಒಳಗಿನವರು ಹೊರಗೆ ಹೋಗಬಹುದು, ಹೊರಗಿನಿಂದ ಬಂದವರಿಗೆ ನಿಮ್ಮ ಬಾಗಿಲು ಯಾವುದು ಅಂತ ಗೊತ್ತಾಗುವುದಿಲ್ಲ. 10ರಿಂದ ಅಥವಾ 192.168ರಿಂದ ಶುರುವಾದರೆ ಮುಂದೆ ಇನ್ನೊಂದು ರೂಟರ್ ಇದೆ. ಅದು ನಿಮ್ಮದೇ ಫೈಬರ್ ಪೆಟ್ಟಿಗೆಯೂ ಆಗಿರಬಹುದು. ಹಾಗಿದ್ದರೆ ಆ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡಿಗೆ ಹಾಕಿಸಿ, ಆಗ ಅದು ರೂಟರಿನ ಕೆಲಸ ಬಿಟ್ಟು ಲೈನನ್ನು ನೇರ ನಿಮ್ಮ ರೂಟರಿಗೆ ಕೊಡುತ್ತದೆ. ಅದಾಗದಿದ್ದರೆ ಅದರಲ್ಲಿ ಯುಡಿಪಿ 51820 ಪೋರ್ಟನ್ನು (ನಾವು ಹಾಕುವ ವೈರ್‌ಗಾರ್ಡ್ ಅನ್ನುವ ವಿಪಿಎನ್ ಕಾಯುವ ಬಾಗಿಲಿನ ನಂಬರು) ನಿಮ್ಮ ರೂಟರಿಗೆ ತಿರುಗಿಸಿ. ಯುಡಿಪಿ ಅಂತ ನೆನಪಿಡಿ, ಟಿಸಿಪಿ ಅನ್ನುವ ಇನ್ನೊಂದು ಬಗೆಯದನ್ನು ತೆರೆದರೆ ಪ್ರಯೋಜನ ಇಲ್ಲ.

ತೋಟದಲ್ಲಿ ಫೈಬರ್ ಇಲ್ಲದೆ 4ಜಿ ಸಿಮ್ ರೂಟರ್ ಇದ್ದರೆ ಅಲ್ಲಿ ಸಿಜಿನ್ಯಾಟ್ ಇದ್ದೇ ಇರುತ್ತದೆ ಅಂದುಕೊಳ್ಳಿ. ತೊಂದರೆ ಇಲ್ಲ. ಒಂದು ಕಡೆ ಪಬ್ಲಿಕ್ ಐಪಿ ಇದ್ದರೆ ಸಾಕು. ನನ್ನ ಪ್ರಕಾರ ಫೈಬರ್ ಎರಡೂ ಕಡೆ ಇದ್ದರೂ ಶಿವಮೊಗ್ಗದ ರೂಟರ್ ಕಾಯುತ್ತಾ ಕೂರಬೇಕು, ತೋಟದ ರೂಟರ್ ಅದಕ್ಕೆ ಕರೆ ಮಾಡಬೇಕು. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋಗುವುದು, ಫೈಬರ್ ಬಿಟ್ಟು ಸಿಮ್ಮಿಗೆ ಬದಲಿಸುವುದು, ವಾಪಸ್ ಬರುವುದು ಎಲ್ಲ ತೋಟದ ಕಡೆಯೇ. ಯಾವ ಲೈನಿನಿಂದ ಕರೆ ಬಂದರೂ ಶಿವಮೊಗ್ಗಕ್ಕೆ ಅದರಿಂದ ಏನೂ ವ್ಯತ್ಯಾಸ ಆಗುವುದಿಲ್ಲ.

ಎರಡೂ ಕಡೆ ಸಿಜಿನ್ಯಾಟ್ ಇದ್ದರೆ? ಮೊದಲು ಶಿವಮೊಗ್ಗದ ಕಂಪನಿಗೆ ಫೋನ್ ಮಾಡಿ ಸ್ಟ್ಯಾಟಿಕ್ ಐಪಿ (ಬದಲಾಗದ ಪಬ್ಲಿಕ್ ಐಪಿ) ಕೊಡುತ್ತೀರಾ ಕೇಳಿ. ತಿಂಗಳಿಗೆ ಸ್ವಲ್ಪ ಜಾಸ್ತಿ ದುಡ್ಡು ಆಗಬಹುದು, ಆದರೆ ಅದೇ ಎಲ್ಲಕ್ಕಿಂತ ಕಡಿಮೆ ತಲೆನೋವಿನ ದಾರಿ. ಕೊಡಲ್ಲ ಅಂದರೆ ಐಪಿವಿ6 ಅನ್ನುವ ಹೊಸ ಬಗೆಯ ವಿಳಾಸ ಇದೆಯಾ ನೋಡಿ. ಎರಡೂ ಕಡೆ ಐಪಿವಿ6 ಇದ್ದರೆ ಸಿಜಿನ್ಯಾಟ್ ಲೆಕ್ಕಕ್ಕೇ ಬರುವುದಿಲ್ಲ, ಜಿಯೋ 4ಜಿಯಲ್ಲಿ ಅದು ಇದೆ. ಶಿವಮೊಗ್ಗದ ಫೈಬರ್ ಪೆಟ್ಟಿಗೆ ಹೊರಗಿನ ಐಪಿವಿ6 ಪ್ಯಾಕೆಟ್ಟನ್ನು ತಡೆಯದಿದ್ದರೆ ಆಯಿತು. ಅದೂ ಆಗದಿದ್ದರೆ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುವ ಸಣ್ಣ ಕ್ಲೌಡ್ ಸರ್ವರ್ ಒಂದನ್ನು ಬಾಡಿಗೆಗೆ ಹಿಡಿದು, ಎರಡೂ ರೂಟರುಗಳು ಅದಕ್ಕೇ ಕರೆ ಮಾಡುವ ಹಾಗೆ ಇಡಬಹುದು. ಇದೆಲ್ಲ ಯಾರು ಮಾಡುತ್ತಾರೆ ಅನ್ನುವವರಿಗೆ ಟೈಲ್‌ಸ್ಕೇಲ್ ಅನ್ನುವ ವಿಪಿಎನ್ ಸರ್ವಿಸ್ ಇದೆ. ಅದರ ಒಳಗಿರುವುದೂ ವೈರ್‌ಗಾರ್ಡೇ. ಸಿಜಿನ್ಯಾಟ್ ದಾಟುವ ಕೆಲಸ ಅದೇ ನೋಡಿಕೊಳ್ಳುತ್ತದೆ, ಆದರೆ ಇನ್ನೊಬ್ಬರ ಸರ್ವಿಸಿನಲ್ಲಿ ಅಕೌಂಟ್ ಇಟ್ಟುಕೊಳ್ಳಬೇಕು. ನನಗೆ ಎರಡು ಮನೆಯ ನಡುವೆ ಮೂರನೆಯವರು ಇಲ್ಲದಿರುವುದೇ ಇಷ್ಟ.

ರೂಟರ್, ವೈರ್‌ಗಾರ್ಡ್

ವಿಪಿಎನ್‌ಗಳಲ್ಲಿ ಐಪಿಸೆಕ್, ಓಪನ್‌ವಿಪಿಎನ್ ಎಲ್ಲ ಇವೆ. ಮನೆಗೆ ವೈರ್‌ಗಾರ್ಡ್ ಸಾಕು ಮತ್ತು ಅದೇ ಒಳ್ಳೆಯದು. ಜೇಸನ್ ಡೋನೆನ್‌ಫೆಲ್ಡ್ ಬರೆದದ್ದು, 2020ರ ಮಾರ್ಚಿನಲ್ಲಿ ಲಿನಕ್ಸ್ 5.6 ಕರ್ನಲ್ ಒಳಗೇ ಸೇರಿತು. ಸೆಟ್ಟಿಂಗ್ ಕಡಿಮೆ, ಅಗ್ಗದ ರೂಟರಿನ ಪ್ರೊಸೆಸರಿನಲ್ಲೂ ಚೆನ್ನಾಗಿ ಓಡುತ್ತದೆ. ಕೀ ಇಲ್ಲದವರು ಬಂದು ಪೋರ್ಟ್ ತಟ್ಟಿದರೆ ಉತ್ತರವನ್ನೇ ಕೊಡುವುದಿಲ್ಲ. ಹಾಗಾಗಿ ಸ್ಕ್ಯಾನ್ ಮಾಡುವವರಿಗೆ ಅಲ್ಲಿ ಏನೋ ಇದೆ ಅಂತಲೂ ಕಾಣುವುದಿಲ್ಲ.

ರೂಟರ್ ಯಾವುದು? ಓಪನ್‌ಡಬ್ಲ್ಯೂಆರ್‌ಟಿ (ರೂಟರಿಗೆ ಹಾಕುವ ಉಚಿತ ಸಾಫ್ಟ್‌ವೇರ್) ಹಾಕಬಹುದಾದ ಯಾವುದಾದರೂ ಸರಿ, 16 ಎಂಬಿ ಫ್ಲ್ಯಾಶ್, 128 ಎಂಬಿ ರ್‍ಯಾಮ್ ಇರಲಿ. ಜಿಎಲ್ ಐನೆಟ್ ಕಂಪನಿಯ ರೂಟರುಗಳಲ್ಲಿ ಅದು ಮೊದಲೇ ಇರುತ್ತದೆ. ಮೈಕ್ರೋಟಿಕ್‌ನ ರೂಟರ್‌ಓಎಸ್ 7ರಲ್ಲೂ ವೈರ್‌ಗಾರ್ಡ್ ಇದೆ. ಮುಂದಿನ ಹೆಸರುಗಳೆಲ್ಲ ಓಪನ್‌ಡಬ್ಲ್ಯೂಆರ್‌ಟಿಯವು, ಬೇರೆ ಕಡೆಯೂ ಹೆಚ್ಚುಕಡಿಮೆ ಇವೇ ಪದಗಳು ಸಿಗುತ್ತವೆ. ಸಾಧ್ಯವಾದರೆ ಎರಡೂ ರೂಟರನ್ನು ಶಿವಮೊಗ್ಗದಲ್ಲೇ ಮೇಜಿನ ಮೇಲಿಟ್ಟು ತುಂಬಿಸಿ, ಆಮೇಲೆ ಒಂದನ್ನು ತೋಟಕ್ಕೆ ಒಯ್ಯಿರಿ. ಸಿಗ್ನಲ್ಲಿಗೆ ಗುಡ್ಡ ಹತ್ತಬೇಕಾದ ಜಾಗದಲ್ಲಿ ನಿಂತು ಪ್ಯಾಕೇಜ್ ಡೌನ್‌ಲೋಡ್ ಮಾಡುವ ಕಷ್ಟ ತಪ್ಪುತ್ತದೆ.

ಸಾಫ್ಟ್‌ವೇರ್ ಮೆನುವಿನಲ್ಲಿ ಲೂಸಿ ಪ್ರೋಟೋ ವೈರ್‌ಗಾರ್ಡ್ (luci-proto-wireguard) ಅನ್ನುವ ಪ್ಯಾಕೇಜ್ ಹಾಕಿ ರೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಆಮೇಲೆ ನೆಟ್‌ವರ್ಕ್, ಇಂಟರ್‌ಫೇಸಸ್‌ಗೆ ಹೋಗಿ ಹೊಸ ಇಂಟರ್‌ಫೇಸ್ ಮಾಡಿ. ಪ್ರೋಟೋಕಾಲ್ ಕೇಳಿದಾಗ ವೈರ್‌ಗಾರ್ಡ್ ಅನ್ನಿ. ಜನರೇಟ್ ಕೀ ಬಟನ್ ಒತ್ತಿದರೆ ಎರಡು ಕೀ ಬರುತ್ತವೆ. ಪ್ರೈವೇಟ್ ಕೀ ಆ ರೂಟರಿನಿಂದ ಆಚೆ ಹೋಗಬಾರದು. ಪಬ್ಲಿಕ್ ಕೀಯನ್ನು ಆ ಕಡೆಯ ರೂಟರಿಗೆ ಕೊಡಬೇಕು. 44 ಅಕ್ಷರದ ಸಾಲು ಅದು, ಕೊನೆಯಲ್ಲಿ ಸಮ ಚಿಹ್ನೆ ಇರುತ್ತದೆ. ಅದನ್ನೂ ಸೇರಿಸಿ ಕಾಪಿ ಮಾಡಿ. ಅದನ್ನು ವಾಟ್ಸಾಪಿನಲ್ಲಿ ಕಳಿಸಿದರೂ ಅಪಾಯ ಇಲ್ಲ, ಆದರೆ ಟೆಕ್ಸ್ಟ್ ಆಗಿಯೇ ಕಳಿಸಿ. ಫೋಟೋ ನೋಡಿಕೊಂಡು ಟೈಪ್ ಮಾಡಿದರೆ ಸೊನ್ನೆ ಯಾವುದು, ಓ ಅಕ್ಷರ ಯಾವುದು ಅಂತ ತಿಳಿಯುವುದಿಲ್ಲ.

ಶಿವಮೊಗ್ಗದ ರೂಟರಿನಲ್ಲಿ ಲಿಸನ್ ಪೋರ್ಟ್ 51820, ಐಪಿ ಅಡ್ರೆಸ್ 10.77.0.1/24. ಇದು ಟನಲ್‌ನ (ಎರಡು ರೂಟರಿನ ನಡುವಿನ ವಿಪಿಎನ್ ದಾರಿಯ) ಒಳಗಿನ ವಿಳಾಸ, ಎರಡೂ ಮನೆಯ ನಂಬರಿಗಿಂತ ಬೇರೆ. ಪೀರ್ಸ್ (ಆ ಕಡೆಯ ರೂಟರ್) ಅನ್ನುವಲ್ಲಿ ತೋಟದ ಪಬ್ಲಿಕ್ ಕೀ ಹಾಕಿ. ಅಲೌಡ್ ಐಪಿಸ್‌ನಲ್ಲಿ 10.77.0.2/32 (/32 ಅಂದರೆ ಅದೊಂದೇ ವಿಳಾಸ) ಮತ್ತು 192.168.20.0/24. ಎಂಡ್‌ಪಾಯಿಂಟ್ (ಕರೆ ಮಾಡಬೇಕಾದ ವಿಳಾಸ) ಖಾಲಿ ಬಿಡಿ, ಇದು ಕಾಯುವ ಕಡೆ ಅಲ್ವಾ.

ತೋಟದ ರೂಟರಿನಲ್ಲಿ ಐಪಿ 10.77.0.2/24. ಪೀರ್‌ನಲ್ಲಿ ಶಿವಮೊಗ್ಗದ ಪಬ್ಲಿಕ್ ಕೀ, ಅಲೌಡ್ ಐಪಿಸ್‌ನಲ್ಲಿ 10.77.0.1/32 ಮತ್ತು 192.168.10.0/24. ಎಂಡ್‌ಪಾಯಿಂಟ್ ಹೋಸ್ಟಿನಲ್ಲಿ ಶಿವಮೊಗ್ಗದ ಪಬ್ಲಿಕ್ ಐಪಿ, ಪೋರ್ಟ್ 51820. ಪರ್ಸಿಸ್ಟೆಂಟ್ ಕೀಪ್ ಅಲೈವ್ 25. ಈ 25 ತುಂಬ ಮುಖ್ಯ. ತೋಟದ ರೂಟರ್ 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಕಳಿಸುತ್ತಾ ಮೊಬೈಲ್ ಕಂಪನಿಯ ಸಿಜಿನ್ಯಾಟಿನಲ್ಲಿ ತನ್ನ ದಾರಿ ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಸ್ವಲ್ಪ ಹೊತ್ತು ಯಾರೂ ಬಳಸದೆ ಇದ್ದಾಗ ದಾರಿ ಮುಚ್ಚಿಹೋಗಿ, ಶಿವಮೊಗ್ಗದಿಂದ ತೋಟಕ್ಕೆ ಏನೂ ಹೋಗುವುದಿಲ್ಲ. ಇದಕ್ಕೆ ದಿನಕ್ಕೆ ಒಂದು ಎಂಬಿ ಡೇಟಾ ಕೂಡ ಖರ್ಚಾಗುವುದಿಲ್ಲ.

ಎರಡೂ ಕಡೆ ರೂಟ್ ಅಲೌಡ್ ಐಪಿಸ್ ಅನ್ನುವ ಚೌಕಕ್ಕೆ ಟಿಕ್ ಹಾಕಿ. ಅಲೌಡ್ ಐಪಿಸ್ ಅನ್ನುವುದು ಎರಡು ಕೆಲಸ ಮಾಡುತ್ತದೆ: ಯಾವ ವಿಳಾಸಕ್ಕೆ ಹೋಗುವುದನ್ನು ಈ ಟನಲ್‌ಗೆ ಹಾಕಬೇಕು, ಮತ್ತು ಆ ಕಡೆಯಿಂದ ಯಾವ ವಿಳಾಸದ ಹೆಸರಲ್ಲಿ ಬಂದದ್ದನ್ನು ಒಪ್ಪಬೇಕು. ಎಷ್ಟೋ ಕಡೆ 0.0.0.0/0 ಹಾಕಿ ಅಂತ ಹೇಳಿರುತ್ತಾರೆ. ಅದನ್ನು ಹಾಕಬೇಡಿ. ತೋಟದ ಯೂಟ್ಯೂಬ್, ವಾಟ್ಸಾಪ್ ಎಲ್ಲ ಶಿವಮೊಗ್ಗಕ್ಕೆ ಬಂದು ಸುತ್ತಿಕೊಂಡು ಹೋಗುತ್ತದೆ. ಸುಮ್ನೆ ಎರಡೂ ಲೈನು ನಿಧಾನ.

ಶಿವಮೊಗ್ಗದ ಪಬ್ಲಿಕ್ ಐಪಿ ಆಗಾಗ ಬದಲಾಗುವಂಥದ್ದಾದರೆ ಡಕ್‌ಡಿಎನ್‌ಎಸ್‌ನಂಥ ಕಡೆ ಒಂದು ಹೆಸರು ಮಾಡಿಕೊಂಡು, ಎಂಡ್‌ಪಾಯಿಂಟಿನಲ್ಲಿ ನಂಬರಿನ ಬದಲು ಆ ಹೆಸರು ಹಾಕಿ. ಆದರೆ ವೈರ್‌ಗಾರ್ಡ್ ಹೆಸರಿನ ಐಪಿಯನ್ನು ಶುರುವಾಗುವಾಗ ಒಂದೇ ಸಲ ಹುಡುಕುತ್ತದೆ. ಆಮೇಲೆ ಐಪಿ ಬದಲಾದರೆ ಹಳೆಯದಕ್ಕೇ ಕರೆ ಮಾಡುತ್ತಾ ಇರುತ್ತದೆ. ಓಪನ್‌ಡಬ್ಲ್ಯೂಆರ್‌ಟಿಯ ವೈರ್‌ಗಾರ್ಡ್ ಟೂಲ್ಸ್ ಜೊತೆ ವಾಚ್‌ಡಾಗ್ ಅನ್ನುವ ಸ್ಕ್ರಿಪ್ಟ್ ಬರುತ್ತದೆ. ತೋಟದ ರೂಟರಿನ ಶೆಡ್ಯೂಲ್ಡ್ ಟಾಸ್ಕ್ಸ್‌ನಲ್ಲಿ ಅದು ನಿಮಿಷಕ್ಕೊಮ್ಮೆ ಓಡುವ ಹಾಗೆ ಇಡಿ. ಹ್ಯಾಂಡ್‌ಶೇಕ್ (ಎರಡು ರೂಟರ್ ಒಂದನ್ನೊಂದು ಕೀ ನೋಡಿ ಗುರುತಿಸುವುದು) ನಿಂತಿದ್ದು ಕಂಡರೆ ಹೆಸರನ್ನು ಅದು ಮತ್ತೆ ಹುಡುಕುತ್ತದೆ.

ಫೈರ್‌ವಾಲಿನಲ್ಲಿ ಎರಡೇ ಕೆಲಸ. ಶಿವಮೊಗ್ಗದಲ್ಲಿ ವ್ಯಾನ್ ಕಡೆಯಿಂದ ಯುಡಿಪಿ 51820 ಬರಲು ಒಂದು ಟ್ರಾಫಿಕ್ ರೂಲ್. ಎರಡೂ ಕಡೆ ವೈರ್‌ಗಾರ್ಡ್ ಇಂಟರ್‌ಫೇಸನ್ನು ಲ್ಯಾನ್ (ಮನೆಯೊಳಗಿನ ನೆಟ್‌ವರ್ಕಿನ) ಝೋನಿಗೆ ಸೇರಿಸುವುದು. ಬೇರೆ ಝೋನ್ ಮಾಡಿ ಬಿಗಿ ಮಾಡುವುದನ್ನು ಎಲ್ಲ ಓಡಲು ಶುರುವಾದ ಮೇಲೆ ಮಾಡಿ.

ಓಡುತ್ತಿದೆಯಾ ನೋಡುವುದು

ಇದನ್ನು ಕ್ರಮವಾಗಿ ನೋಡಬೇಕು, ಒಂದೇ ಸಲ ಕ್ಯಾಮೆರಾಗೆ ಹಾರಬೇಡಿ. ಸ್ಟೇಟಸ್ ಮೆನುವಿನ ವೈರ್‌ಗಾರ್ಡ್ ಪುಟದಲ್ಲಿ ಲೇಟೆಸ್ಟ್ ಹ್ಯಾಂಡ್‌ಶೇಕ್ ಅಂತ ಇದೆ. ಅದು ಎರಡು ನಿಮಿಷದ ಆಸುಪಾಸಿನಲ್ಲಿ ಹೊಸದಾಗುತ್ತಾ ಇರಬೇಕು. ಹ್ಯಾಂಡ್‌ಶೇಕೇ ಆಗಿಲ್ಲ ಅಂದರೆ ತಪ್ಪು ಕೀಯಲ್ಲೋ ಪೋರ್ಟಿನಲ್ಲೋ ಸಿಜಿನ್ಯಾಟಿನಲ್ಲೋ ಇದೆ, ಅಲೌಡ್ ಐಪಿಸ್ ಕೆದಕಿ ಪ್ರಯೋಜನ ಇಲ್ಲ. ಆಗಿದೆ ಅಂದರೆ ಶಿವಮೊಗ್ಗದ ಲ್ಯಾಪ್‌ಟಾಪಿನಿಂದ 10.77.0.2ಕ್ಕೆ ಪಿಂಗ್ (ಇದ್ದೀಯಾ ಅಂತ ಕೇಳಿ ಉತ್ತರ ಕಾಯುವ ಕಮಾಂಡ್) ಮಾಡಿ, ಆಮೇಲೆ 192.168.20.1ಕ್ಕೆ, ಕೊನೆಗೆ ಡಿವಿಆರ್ 192.168.20.50ಕ್ಕೆ. ಎಲ್ಲಿ ನಿಂತಿತೋ ಅಲ್ಲೇ ಹುಡುಕಿ. ಮೊದಲ ಎರಡರಲ್ಲಿ ನಿಂತರೆ ಅಲೌಡ್ ಐಪಿಸ್ ಅಥವಾ ಫೈರ್‌ವಾಲ್. ಮೂರನೆಯದರಲ್ಲಿ ನಿಂತರೆ ಮೊದಲೇ ಹೇಳಿದ ಗೇಟ್‌ವೇ. ಆ ಕಡೆ ಇರುವುದು ವಿಂಡೋಸ್ ಕಂಪ್ಯೂಟರ್ ಆದರೆ ಅದರ ಫೈರ್‌ವಾಲ್ ಬೇರೆ ಸಬ್‌ನೆಟ್‌ನಿಂದ ಬಂದ ಪಿಂಗಿಗೆ ಉತ್ತರ ಕೊಡದಿರಬಹುದು. ಹಾಗಾಗಿ ಪರೀಕ್ಷೆಗೆ ಅದನ್ನು ನಂಬಬೇಡಿ.

ಪಿಂಗ್ ಚೆನ್ನಾಗಿ ಹೋಗುತ್ತದೆ, ಡಿವಿಆರಿನ ಲಾಗಿನ್ ಪುಟ ಅರ್ಧ ಬಂದು ನಿಲ್ಲುತ್ತದೆ ಅಂದರೆ ಅದು ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವುದರ ತೊಂದರೆ. ವೈರ್‌ಗಾರ್ಡ್ ತಾನಾಗಿ 1420 ಇಟ್ಟುಕೊಳ್ಳುತ್ತದೆ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ) ಲೈನಿನಲ್ಲಿ, 4ಜಿಯಲ್ಲಿ ಅಷ್ಟು ದೊಡ್ಡ ಪ್ಯಾಕೆಟ್ ತೂರದೆ ಇರಬಹುದು. ಎರಡೂ ಕಡೆ 1280 ಹಾಕಿ ನೋಡಿ. ಸರಿಯಾದರೆ ಹಾಗೇ ಬಿಡಿ, ಮನೆಯ ಬಳಕೆಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇನ್ನೊಂದು, ಪ್ರಿಂಟರ್, ಟಿವಿ ಇಂಥವು ತಾವಾಗಿ ಆ ಕಡೆಯ ಮನೆಯ ಪಟ್ಟಿಯಲ್ಲಿ ಕಾಣುವುದಿಲ್ಲ. ಆ ಹುಡುಕಾಟ ಒಂದು ಮನೆಯ ನೆಟ್‌ವರ್ಕಿನೊಳಗೆ ಮಾತ್ರ ನಡೆಯುತ್ತದೆ, ಟನಲ್ ದಾಟುವುದಿಲ್ಲ. ಐಪಿ ಟೈಪ್ ಮಾಡಿ ಸೇರಿಸಿದರೆ ಪ್ರಿಂಟರ್ ಕೆಲಸ ಮಾಡುತ್ತದೆ.

ಕರೆಂಟು, ಸಿಡಿಲು, ಡೇಟಾ

ಮಲೆನಾಡಿನಲ್ಲಿ ನಿಜವಾದ ಪರೀಕ್ಷೆ ಇಲ್ಲಿದೆ. ತೋಟದ ರೂಟರಿನ ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು ಹಾಕಿ. ಯಾರೂ ಕೈ ಹಾಕದೆ ಟನಲ್ ತಾನಾಗಿ ಎದ್ದು ಬರಬೇಕು. ಬರದಿದ್ದರೆ ಗಡಿಯಾರ ನೋಡಿ. ಹೆಚ್ಚಿನ ಮನೆ ರೂಟರುಗಳಲ್ಲಿ ಬ್ಯಾಟರಿ ಇರುವ ಗಡಿಯಾರ ಇರುವುದಿಲ್ಲ. ಕರೆಂಟು ಹೋಗಿ ಬಂದಾಗ ಅವು ಹಳೆಯ ತಾರೀಖಿನಲ್ಲಿ ಏಳುತ್ತವೆ. ವೈರ್‌ಗಾರ್ಡ್ ಹ್ಯಾಂಡ್‌ಶೇಕಿನ ಜೊತೆ ಸಮಯವೂ ಹೋಗುತ್ತದೆ. ಹಿಂದೆ ಕಂಡದ್ದಕ್ಕಿಂತ ಹಳೆ ಸಮಯ ಬಂದರೆ, ಯಾರೋ ಹಳೆ ಪ್ಯಾಕೆಟ್ ಹಿಡಿದಿಟ್ಟು ಮತ್ತೆ ಕಳಿಸುತ್ತಿದ್ದಾರೆ ಅಂತ ಶಿವಮೊಗ್ಗದ ರೂಟರ್ ಅದನ್ನು ಎಸೆಯುತ್ತದೆ. ಸಿಸ್ಟಮ್ ಮೆನುವಿನಲ್ಲಿ ಎನ್‌ಟಿಪಿ (ಇಂಟರ್ನೆಟ್ಟಿನಿಂದ ಸಮಯ ಕೇಳಿಕೊಳ್ಳುವುದು) ಆನ್ ಇದೆಯಾ ನೋಡಿ. ಸಮಯ ಸರಿಯಾದ ಕೂಡಲೇ ಹ್ಯಾಂಡ್‌ಶೇಕ್ ಆಗುತ್ತದೆ. 0.0.0.0/0 ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ: ಸಮಯ ಕೇಳಲು ಟನಲ್ ಬೇಕು, ಟನಲ್ ಆಗಲು ಸಮಯ ಬೇಕು ಅಂತ ಸಿಕ್ಕಿಹಾಕಿಕೊಳ್ಳುತ್ತದೆ.

ರೂಟರಿಗೂ ಫೈಬರ್ ಪೆಟ್ಟಿಗೆಗೂ ಸಣ್ಣ ಡಿಸಿ ಯುಪಿಎಸ್ ಇಡಿ. ಅಡಾಪ್ಟರಿನ ಮೇಲೆ ಬರೆದ ವೋಲ್ಟು, ಆಂಪಿಯರ್ ಹೊಂದುವುದನ್ನೇ ತನ್ನಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮಾತ್ರ ಪ್ಲಗ್ ಕೀಳುವುದೇ ಸರಿ. ಫೈಬರಿನ ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ, ಆದರೆ ಅಡಾಪ್ಟರಿನ ಮೂಲಕ, ಅಂಗಳದ ಕಂಬದ ಕ್ಯಾಮೆರಾದಿಂದ ಎಳೆದ ತಂತಿಯ ಮೂಲಕ ಬರುತ್ತದೆ. ಆ ತಂತಿಯನ್ನೂ ಬಿಚ್ಚಿಡಲು ಮನೆಯವರಿಗೆ ತೋರಿಸಿಕೊಡಿ.

4ಜಿ ಸಿಮ್ ಆದರೆ ಡೇಟಾ ಲೆಕ್ಕ ಇರಲಿ. ಒಂದು ಎಂಬಿಪಿಎಸ್ ವಿಡಿಯೋ ಒಂದು ಗಂಟೆ ನೋಡಿದರೆ 450 ಎಂಬಿ. ಡಿವಿಆರಿನಲ್ಲಿ ಸಬ್ ಸ್ಟ್ರೀಮ್ ಅಂತ ಇನ್ನೊಂದು ಸಣ್ಣ ಚಿತ್ರ ಇರುತ್ತದೆ. ಅದನ್ನು 512 ಕೆಬಿಪಿಎಸ್‌ಗೆ ಇಟ್ಟು ಅದನ್ನೇ ನೋಡಿ. ಅಂಗಳದಲ್ಲಿ ಯಾರು ಓಡಾಡುತ್ತಿದ್ದಾರೆ ತಿಳಿಯಲು ಅಷ್ಟು ಸಾಕು. ಫೋಟೋ ಬ್ಯಾಕಪ್ ರಾತ್ರಿ ಹೊತ್ತು ಓಡಲಿ.

ತೋಟದ ರೂಟರಿನ ಸೆಟ್ಟಿಂಗನ್ನು ಇಲ್ಲಿಂದಲೇ ಬದಲಿಸಬಹುದು, ಆದರೆ ಫೈರ್‌ವಾಲ್, ವ್ಯಾನ್, ವೈರ್‌ಗಾರ್ಡ್ ಈ ಮೂರನ್ನು ಅಲ್ಲಿಗೆ ಹೋದಾಗಲೇ ಮುಟ್ಟಿ. ಬ್ಯಾಕಪ್ ಫೈಲ್ ಒಂದನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅದರಲ್ಲಿ ಪ್ರೈವೇಟ್ ಕೀ ಇರುವುದರಿಂದ ಯಾರಿಗೂ ಕಳಿಸಬೇಡಿ.

ಇನ್ನು ಫೋನು. ರಸ್ತೆಯಲ್ಲಿರುವಾಗಲೂ ನೋಡಬೇಕು ಅಂದರೆ ಫೋನಿನಲ್ಲಿ ವೈರ್‌ಗಾರ್ಡ್ ಆ್ಯಪ್ ಹಾಕಿ, ಶಿವಮೊಗ್ಗದ ರೂಟರಿನಲ್ಲಿ ಅದಕ್ಕೆ 10.77.0.3/32 ಅಂತ ಇನ್ನೊಂದು ಪೀರ್ ಮಾಡಿ. ಫೋನಿನ ಅಲೌಡ್ ಐಪಿಸ್‌ನಲ್ಲಿ 10.77.0.0/24 ಜೊತೆ ಎರಡೂ ಮನೆಯ ನಂಬರು ಇರಲಿ. ತೋಟದ ರೂಟರಿನಲ್ಲಿ 10.77.0.1/32 ಅಂತ ಹಾಕಿದ್ದನ್ನು 10.77.0.0/24 ಮಾಡಿ. ಅದನ್ನು ಮಾಡದಿದ್ದರೆ ಫೋನಿನಿಂದ ಶಿವಮೊಗ್ಗದ ಹಾರ್ಡ್‌ಡಿಸ್ಕ್ ಸಿಗುತ್ತದೆ, ತೋಟದ ಕ್ಯಾಮೆರಾ ಸಿಗುವುದಿಲ್ಲ.